ವಿದ್ಯುತ್ ರೋಧ ಮತ್ತು ಸಾಮರ್ಥ್ಯ: ವೋಲ್ಟೇಜ್, ಕರೆಂಟ್‌ಗಳಿಂದ ಲೆಕ್ಕ

ವಿದ್ಯುತ್ ಸಾಧನವೊಂದರ ಎರಡು ತುದಿಗಳ ನಡುವಿನ ವೋಲ್ಟೇಜನ್ನೂ ಅದರಲ್ಲಿ ಹರಿಯುವ ಕರೆಂಟನ್ನೂ ಅಳೆದರೆ, ಅದರ ರೋಧ ಮತ್ತು ಅದು ಬಳಸುವ ಸಾಮರ್ಥ್ಯ ಎರಡೂ ಲೆಕ್ಕಕ್ಕೆ ಸಿಗುತ್ತವೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ಬರುವುದು ರೋಧ. ಅದರ ಮಾನ ಓಮ್. ಎರಡನ್ನೂ ಗುಣಿಸಿದರೆ ಬರುವುದು ಸಾಮರ್ಥ್ಯ. ಅದರ ಮಾನ ವ್ಯಾಟ್. 12 ವೋಲ್ಟ್ ಕೊಟ್ಟಾಗ ಅರ್ಧ ಆಂಪಿಯರ್ ಎಳೆಯುವ ಸುರುಳಿಯ ರೋಧ 24 ಓಮ್, ಸಾಮರ್ಥ್ಯ 6 ವ್ಯಾಟ್. ಗಣಿತ ಇಷ್ಟಕ್ಕೇ ಮುಗಿಯುತ್ತದೆ. ವೋಲ್ಟೇಜನ್ನು ಯಾವ ಎರಡು ಬಿಂದುಗಳ ನಡುವೆ ಅಳೆದದ್ದು, ಸಾಧನ ಆಗ ಬಿಸಿಯಾಗಿತ್ತೇ ತಣ್ಣಗಿತ್ತೇ, ಪೂರೈಕೆ ಡಿಸಿಯೇ ಎಸಿಯೇ ಎಂಬುದು ತಿಳಿಯದಿದ್ದರೆ ಮಾತ್ರ ಸರಿಯಾಗಿ ಮಾಡಿದ ಭಾಗಾಕಾರವೂ ತಪ್ಪು ಉತ್ತರ ಕೊಡುತ್ತದೆ.

ಈ ಲೆಕ್ಕ ದಿನಬಳಕೆಗೆ ಇಳಿಯುವುದು ಪೇಟೆಯಲ್ಲಿ. ಹೈದರಾಬಾದಿನಲ್ಲಿ ಮೂಸಿ ನದಿಯ ಉತ್ತರಕ್ಕೆ, ಅಫ್ಜಲ್‌ಗಂಜ್‌ನ ಪಕ್ಕದಲ್ಲಿರುವ ಬೇಗಂ ಬಜಾರ್ ಆ ನಗರದ ಹಳೆಯ ಸಗಟು ಪೇಟೆ. ಪಾತ್ರೆ, ಒಣಹಣ್ಣು, ಮಸಾಲೆ, ಪ್ಲಾಸ್ಟಿಕ್, ಹಬ್ಬದ ಅಲಂಕಾರ ಎಲ್ಲವೂ ಅಲ್ಲಿನ ಕಿರುಗಲ್ಲಿಗಳಲ್ಲಿ ಮಾರಾಟವಾಗುತ್ತವೆ. ವೈರು, ಸ್ವಿಚ್ಚು, ಮೋಟಾರು ಬೇಕಾದವರು ಸ್ವಲ್ಪ ದೂರದ ಟ್ರೂಪ್ ಬಜಾರಿಗೂ, ಬಿಡಿ ರೆಸಿಸ್ಟರ್, ಕೆಪಾಸಿಟರ್‌ಗಳನ್ನು ಹುಡುಕುವವರು ಕೋಠಿಯ ಗುಜರಾತಿ ಗಲ್ಲಿಗೂ ಹೋಗುತ್ತಾರೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳಿಗೆ ಇವು ಬಹುಕಾಲದ ರಾಜಧಾನಿಯ ಪೇಟೆಗಳು. ಇಲ್ಲಿ ಕೊಳ್ಳುವ ಬಹುತೇಕ ವಿದ್ಯುತ್ ಸಾಮಾನುಗಳ ಮೇಲೆ ವೋಲ್ಟ್, ವ್ಯಾಟ್, ಕೆಲವೊಮ್ಮೆ ಆಂಪಿಯರ್ ಅಚ್ಚಾಗಿರುತ್ತದೆ. ಆ ಚೀಟಿಯನ್ನು ಓದಬಲ್ಲವನಿಗೆ ಯಾವ ಪ್ಲಗ್ಗು, ಎಷ್ಟು ದಪ್ಪದ ವೈರು ಬೇಕೆಂದು ಅಂಗಡಿಯಲ್ಲೇ ಗೊತ್ತಾಗುತ್ತದೆ.

ಪರಿಮಾಣಗಳು

ಪಠ್ಯಪುಸ್ತಕಗಳಲ್ಲಿ ವಿಭವಾಂತರ ಎನಿಸಿಕೊಳ್ಳುವ ವೋಲ್ಟೇಜ್, ಒಂದು ಕೂಲಂಬ್ ವಿದ್ಯುದಾವೇಶ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಸಾಗುವಾಗ ಬಿಟ್ಟುಕೊಡುವ ಶಕ್ತಿ. ಒಂದು ವೋಲ್ಟ್ ಎಂದರೆ ಕೂಲಂಬಿಗೆ ಒಂದು ಜೌಲ್. ಕರೆಂಟ್ ಅಥವಾ ವಿದ್ಯುತ್ ಪ್ರವಾಹ, ಸೆಕೆಂಡಿಗೆ ಎಷ್ಟು ಆವೇಶ ಸಾಗುತ್ತದೆ ಎಂಬುದರ ಅಳತೆ. ಒಂದು ಆಂಪಿಯರ್ ಎಂದರೆ ಸೆಕೆಂಡಿಗೆ ಒಂದು ಕೂಲಂಬ್. ಇವೆರಡನ್ನು ಗುಣಿಸಿದಾಗ ಕೂಲಂಬ್ ಕಳಚಿ ಸೆಕೆಂಡಿಗೆ ಇಷ್ಟು ಜೌಲ್ ಎಂದು ಉಳಿಯುತ್ತದೆ. ಅದೇ ವ್ಯಾಟ್.

ಹೀಗಾಗಿ ಎರಡು ಸೂತ್ರಗಳ ಸ್ವಭಾವ ಬೇರೆ ಬೇರೆ. ವೋಲ್ಟೇಜ್ ಮತ್ತು ಕರೆಂಟ್‌ಗಳ ಗುಣಲಬ್ಧವೇ ಸಾಮರ್ಥ್ಯ ಎಂಬುದು ಶಕ್ತಿ ಸಂರಕ್ಷಣೆಯಿಂದ ನೇರವಾಗಿ ಬಂದದ್ದು. ಆ ಕ್ಷಣದ ವೋಲ್ಟೇಜನ್ನು ಆ ಕ್ಷಣದ ಕರೆಂಟಿನಿಂದ ಗುಣಿಸಿದರೆ ಬಲ್ಬಿಗೂ ಬ್ಯಾಟರಿಗೂ ಮೋಟಾರಿಗೂ ಅದು ಒಪ್ಪುತ್ತದೆ. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದಾಗ ಬರುವ ರೋಧ ಆ ವಸ್ತುವಿನ ಗುಣವನ್ನು ಹೇಳುತ್ತದೆ. ವೋಲ್ಟೇಜ್ ಬದಲಾದರೂ ಅದು ಸ್ಥಿರವಾಗಿ ಉಳಿಯಬೇಕೆಂದೇನೂ ಇಲ್ಲ. ಸ್ಥಿರವಾಗಿ ಉಳಿದರೆ ಆ ವಸ್ತು ಓಮ್‌ನ ನಿಯಮವನ್ನು ಪಾಲಿಸುತ್ತದೆ ಎನ್ನುತ್ತೇವೆ.

ಇತಿಹಾಸ

ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ 18ನೆಯ ಶತಮಾನದಲ್ಲೇ, ತನ್ನ ಮೈಗೆ ತಗುಲುವ ಆಘಾತದ ಬಲದಿಂದ ಕರೆಂಟನ್ನು ಅಂದಾಜಿಸುತ್ತ ಈ ಸಂಬಂಧವನ್ನು ಗುರುತಿಸಿದ್ದ. ಅದನ್ನು ಅವನು ಪ್ರಕಟಿಸಲಿಲ್ಲ. ಅವನ ಟಿಪ್ಪಣಿಗಳು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್‌ನ ಸಂಪಾದಕತ್ವದಲ್ಲಿ ಹೊರಬಂದದ್ದು 1879ರಲ್ಲಿ.

ನಿಯಮಕ್ಕೆ ಹೆಸರು ಕೊಟ್ಟ ಗೇಯಾರ್ಗ್ ಸಿಮೋನ್ ಓಮ್ (1789–1854) ಜರ್ಮನಿಯ ಕೊಲೋನ್ ನಗರದಲ್ಲಿ ಶಾಲಾ ಅಧ್ಯಾಪಕನಾಗಿದ್ದ. ಅಂದಿನ ರಾಸಾಯನಿಕ ಬ್ಯಾಟರಿಗಳ ವೋಲ್ಟೇಜ್ ಬಳಸುತ್ತಿದ್ದಂತೆಯೇ ಕುಸಿಯುತ್ತಿದ್ದುದರಿಂದ ಅವನ ಮೊದಲ ಅಳತೆಗಳು ಅಲುಗಾಡಿದವು. 1825ರಲ್ಲಿ ಅವನು ಪ್ರಕಟಿಸಿದ ಸೂತ್ರ ನಿಲ್ಲಲಿಲ್ಲ. ಭೌತವಿಜ್ಞಾನಿ ಪೊಗೆಂಡಾರ್ಫ್‌ನ ಸಲಹೆಯಂತೆ ಓಮ್ ಬಿಸ್ಮತ್ ಮತ್ತು ತಾಮ್ರದ ಬೆಸುಗೆಯಿಂದಾದ ಉಷ್ಣಯುಗ್ಮಕ್ಕೆ ತಿರುಗಿದ. ಒಂದು ಬೆಸುಗೆ ಮಂಜುಗಡ್ಡೆಯಲ್ಲಿ, ಇನ್ನೊಂದು ಕುದಿಯುವ ನೀರಿನಲ್ಲಿ. ಉಷ್ಣತೆಯ ಅಂತರ ಕದಲದಿರುವಷ್ಟು ಹೊತ್ತು ವೋಲ್ಟೇಜೂ ಕದಲದು. ಈ ಸ್ಥಿರ ಮೂಲಕ್ಕೆ ಬೇರೆ ಬೇರೆ ಉದ್ದದ ತಾಮ್ರದ ತಂತಿ ಜೋಡಿಸಿ ಅಳೆದಾಗ ಸರಿಯಾದ ಸಂಬಂಧ ಕಾಣಿಸಿತು. 1827ರಲ್ಲಿ ಅವನು ಅದನ್ನು ಪುಸ್ತಕವಾಗಿ ಪ್ರಕಟಿಸಿದ. ಸ್ವದೇಶದಲ್ಲಿ ಮನ್ನಣೆ ತಡವಾಯಿತು. ಲಂಡನ್ನಿನ ರಾಯಲ್ ಸೊಸೈಟಿ 1841ರಲ್ಲಿ ಕೋಪ್ಲಿ ಪದಕ ನೀಡಿತು.

ಅದೇ 1841ರಲ್ಲಿ ಜೇಮ್ಸ್ ಪ್ರೆಸ್ಕಾಟ್ ಜೌಲ್, ನೀರಿನಲ್ಲಿ ಮುಳುಗಿಸಿದ ತಂತಿಗೆ ಕರೆಂಟ್ ಹರಿಸಿ, ಹುಟ್ಟುವ ಶಾಖವು ಕರೆಂಟಿನ ವರ್ಗಕ್ಕೂ ರೋಧಕ್ಕೂ ಅನುಪಾತದಲ್ಲಿದೆ ಎಂದು ತೋರಿಸಿದ. ರಷ್ಯಾದ ಲೆಂಜ್ ಬೇರೆಯಾಗಿಯೇ ಅದೇ ತೀರ್ಮಾನಕ್ಕೆ ಬಂದ. ಹಲವು ತಂತಿಗಳು ಕೂಡುವ ಜಾಲಗಳ ಲೆಕ್ಕಕ್ಕೆ ಬೇಕಾದ ನಿಯಮಗಳನ್ನು ಕಿರ್ಕಾಫ್ 1845ರಲ್ಲಿ ರೂಪಿಸಿದ. 1881ರ ಪ್ಯಾರಿಸ್ ಸಮ್ಮೇಳನ ಓಮ್, ವೋಲ್ಟ್, ಆಂಪಿಯರ್‌ಗಳನ್ನು ಅಂತರರಾಷ್ಟ್ರೀಯ ಮಾನಗಳಾಗಿ ಒಪ್ಪಿತು. ವ್ಯಾಟ್ ಎಂಬ ಹೆಸರನ್ನು ಮರುವರ್ಷ ಸೂಚಿಸಿದವನು ವಿಲಿಯಂ ಸೀಮೆನ್ಸ್. 0 ಡಿಗ್ರಿ ಸೆಲ್ಸಿಯಸ್‌ನಲ್ಲಿ 106.3 ಸೆಂಟಿಮೀಟರ್ ಉದ್ದದ ಪಾದರಸದ ಕಂಬವನ್ನು ಓಮ್‌ಗೆ ಆಧಾರವಾಗಿಟ್ಟ ಕಾಲವೂ ಇತ್ತು. ಕ್ಲಾಸ್ ಫಾನ್ ಕ್ಲಿಟ್ಸಿಂಗ್ 1980ರಲ್ಲಿ ಕಂಡುಹಿಡಿದ ಕ್ವಾಂಟಂ ಹಾಲ್ ಪರಿಣಾಮ, ಸುಮಾರು 25,812.807 ಓಮ್‌ನ ರೋಧವನ್ನು ಪ್ರಕೃತಿಯ ಸ್ಥಿರಾಂಕಗಳಿಂದಲೇ ಪಡೆಯುವ ದಾರಿ ತೋರಿತು. 2019ರ ಮೇ 20ರಿಂದ ಆಂಪಿಯರಿನ ವ್ಯಾಖ್ಯೆ ಎಲೆಕ್ಟ್ರಾನಿನ ಆವೇಶದ ಮೇಲೆ ನಿಂತಿದೆ.

ಸೂತ್ರಗಳು

ಮೂಲ ಸೂತ್ರಗಳು ಎರಡೇ:

ರೋಧ = ವೋಲ್ಟೇಜ್ ÷ ಕರೆಂಟ್
ಸಾಮರ್ಥ್ಯ = ವೋಲ್ಟೇಜ್ × ಕರೆಂಟ್

ಒಂದನ್ನು ಇನ್ನೊಂದರಲ್ಲಿ ಆದೇಶಿಸಿದರೆ ಮತ್ತೆರಡು ಸಿಗುತ್ತವೆ:

ಸಾಮರ್ಥ್ಯ = ಕರೆಂಟ್ × ಕರೆಂಟ್ × ರೋಧ
ಸಾಮರ್ಥ್ಯ = ವೋಲ್ಟೇಜ್ × ವೋಲ್ಟೇಜ್ ÷ ರೋಧ

ಕೊನೆಯ ಎರಡು ಸಾಲು ಹೊಸಬರಿಗೆ ಪರಸ್ಪರ ವಿರುದ್ಧವಾಗಿ ಕಾಣುತ್ತವೆ. ರೋಧ ಹೆಚ್ಚಿದರೆ ಶಾಖ ಹೆಚ್ಚುತ್ತದೆ ಎನ್ನುತ್ತದೆ ಒಂದು. ಕಡಿಮೆಯಾಗುತ್ತದೆ ಎನ್ನುತ್ತದೆ ಇನ್ನೊಂದು. ಯಾವುದು ಸ್ಥಿರವಾಗಿದೆ ಎಂದು ಕೇಳಿದರೆ ಗೊಂದಲ ತೀರುತ್ತದೆ. ಒಂದೇ ಕರೆಂಟ್ ಎಲ್ಲದರ ಮೂಲಕ ಹರಿಯುವ ಸರಣಿ ಜೋಡಣೆಯಲ್ಲಿ ಹೆಚ್ಚು ರೋಧದ ಭಾಗವೇ ಹೆಚ್ಚು ಬಿಸಿಯಾಗುತ್ತದೆ. ಎಲ್ಲಕ್ಕೂ ಒಂದೇ ವೋಲ್ಟೇಜ್ ಸಿಗುವ ಸಮಾಂತರ ಜೋಡಣೆಯಲ್ಲಿ, ಅಂದರೆ ಮನೆಯ ವೈರಿಂಗಿನಲ್ಲಿ, ಕಡಿಮೆ ರೋಧದ ಸಾಧನ ಹೆಚ್ಚು ಸಾಮರ್ಥ್ಯ ಎಳೆಯುತ್ತದೆ. 2000 ವ್ಯಾಟ್‌ನ ಗೀಸರಿನ ಸುರುಳಿಗೆ 1000 ವ್ಯಾಟ್‌ನ ಇಸ್ತ್ರಿಪೆಟ್ಟಿಗೆಯ ಸುರುಳಿಗಿಂತ ಅರ್ಧದಷ್ಟೇ ರೋಧ.

ಮೀಟರು ದಾಖಲಿಸುವ ಒಂದು ಯೂನಿಟ್ ಎಂದರೆ 1000 ವ್ಯಾಟ್ ಒಂದು ಗಂಟೆ ನಡೆದಾಗಿನ ಶಕ್ತಿ, ಅಂದರೆ 36 ಲಕ್ಷ ಜೌಲ್. ವ್ಯಾಟ್ ಬಳಕೆಯ ದರ, ಯೂನಿಟ್ ಬಳಕೆಯ ಮೊತ್ತ. 1000 ವ್ಯಾಟ್‌ನ ಇಸ್ತ್ರಿಪೆಟ್ಟಿಗೆ ಬಿಡದೆ ಅರ್ಧ ಗಂಟೆ ಕಾದರೆ ಅರ್ಧ ಯೂನಿಟ್.

ಚೀಟಿಯಿಂದ ಲೆಕ್ಕ

ಭಾರತದ ಮನೆಗಳಿಗೆ ಬರುವ ನಾಮಮಾತ್ರ ವೋಲ್ಟೇಜ್ 230. ಅದರ ವರ್ಗ 52,900. ಇದನ್ನು ಚೀಟಿಯ ವ್ಯಾಟ್‌ನಿಂದ ಭಾಗಿಸಿದರೆ ರೋಧ. ವ್ಯಾಟನ್ನು 230ರಿಂದ ಭಾಗಿಸಿದರೆ ಕರೆಂಟ್.

| ಸಾಧನ | ವ್ಯಾಟ್ | ಆಂಪಿಯರ್ | ಓಮ್ |
|---|---|---|---|
| ತಂತು ಬಲ್ಬು | 60 | 0.26 | 882 |
| ಇಸ್ತ್ರಿಪೆಟ್ಟಿಗೆ | 1000 | 4.35 | 52.9 |
| ಕೆಟಲ್ | 1500 | 6.52 | 35.3 |
| ಗೀಸರ್ | 2000 | 8.70 | 26.5 |
| ದಿಢೀರ್ ಗೀಸರ್ | 3000 | 13.04 | 17.6 |

ನಮ್ಮ ಮನೆಗಳ ಸಾಕೆಟ್‌ಗಳಲ್ಲಿ 6 ಆಂಪಿಯರಿನದು, 16 ಆಂಪಿಯರಿನದು ಎಂದು ಎರಡು ಬಗೆ. 230ನ್ನು 6ರಿಂದ ಗುಣಿಸಿದರೆ 1380 ವ್ಯಾಟ್. ಅದಕ್ಕಿಂತ ಹೆಚ್ಚು ವ್ಯಾಟಿನ ಸಾಮಾನಿಗೆ ಸಣ್ಣ ಸಾಕೆಟ್ಟಾಗಲಿ, ಅದಕ್ಕೆ ಚುಚ್ಚಿದ ಎಕ್ಸ್‌ಟೆನ್ಷನ್ ಬಾಕ್ಸಾಗಲಿ ಸಲ್ಲದು. ಒಂದೇ ಬಾಕ್ಸಿಗೆ ಹಲವು ಸಾಮಾನು ಚುಚ್ಚಿದಾಗ ಅವುಗಳ ಆಂಪಿಯರ್‌ಗಳನ್ನು ಕೂಡಿಸಬೇಕು. ಸಮಾಂತರದಲ್ಲಿ ಕರೆಂಟುಗಳು ಕೂಡುತ್ತವೆ, ಒಟ್ಟು ರೋಧ ಇಳಿಯುತ್ತದೆ.

ವೋಲ್ಟೇಜ್ ಇಳಿದಾಗ ಸಾಮರ್ಥ್ಯ ಅದರ ವರ್ಗದ ಪ್ರಮಾಣದಲ್ಲಿ ಇಳಿಯುತ್ತದೆ. ಬೇಸಿಗೆಯ ಸಂಜೆ ಪೂರೈಕೆ 180 ವೋಲ್ಟಿಗೆ ಕುಸಿದರೆ 52.9 ಓಮ್‌ನ ಇಸ್ತ್ರಿಪೆಟ್ಟಿಗೆ ಕೊಡುವುದು 612 ವ್ಯಾಟ್ ಮಾತ್ರ. ವೋಲ್ಟೇಜ್ ಐದನೇ ಒಂದು ಭಾಗದಷ್ಟು ಇಳಿದರೆ ಶಾಖ ಸುಮಾರು ಐದನೇ ಎರಡು ಭಾಗದಷ್ಟು ಕಡಿಮೆಯಾಗುತ್ತದೆ.

ಸರಣಿ ಜೋಡಣೆ: ಹಬ್ಬದ ಸೀರಿಯಲ್ ಲೈಟು

ಗಣೇಶನ ಹಬ್ಬ, ದೀಪಾವಳಿ ಹತ್ತಿರವಾದಾಗ ಇಂಥ ಪೇಟೆಗಳಲ್ಲಿ ಕಟ್ಟುಗಟ್ಟಲೆ ಮಾರಾಟವಾಗುವ ಸೀರಿಯಲ್ ಲೈಟು ಸರಣಿ ಜೋಡಣೆಯ ಅತಿ ಪರಿಚಿತ ಉದಾಹರಣೆ. ಹಳೆಯ ಬಗೆಯ, ತಂತು ಬಲ್ಬಿನ ಸರವೊಂದರಲ್ಲಿ 40 ಬಲ್ಬುಗಳಿದ್ದು 0.1 ಆಂಪಿಯರ್ ಹರಿಯುತ್ತದೆ ಎನ್ನೋಣ. ಪ್ರತಿ ಬಲ್ಬಿಗೆ ಸಿಗುವುದು 5.75 ವೋಲ್ಟ್, ರೋಧ 57.5 ಓಮ್, ಸಾಮರ್ಥ್ಯ 0.575 ವ್ಯಾಟ್. ಇಡೀ ಸರದ ರೋಧ 2300 ಓಮ್, ಸಾಮರ್ಥ್ಯ 23 ವ್ಯಾಟ್.

ಒಂದು ಬಲ್ಬು ಸುಟ್ಟರೆ ಇಡೀ ಸರ ಆರುತ್ತದೆ. ಆಗ ಸುಟ್ಟ ಬಲ್ಬನ್ನು ತೆಗೆದು ಎರಡು ತಂತಿಗಳನ್ನು ಹೆಣೆದುಬಿಡುವ ರೂಢಿಯಿದೆ. ಒಂದು ಬಲ್ಬಿನ ಮಟ್ಟಿಗೆ ಅದರಿಂದ ಹೆಚ್ಚೇನೂ ಆಗದು. ಉಳಿದ ಪ್ರತಿಯೊಂದರ ಸಾಮರ್ಥ್ಯ ಶೇ. 5ರಷ್ಟು ಏರುತ್ತದೆ. ಹೀಗೆ ಎಂಟು ಬಲ್ಬು ಕಳೆದು 32 ಉಳಿದರೆ, ರೋಧ ಅಷ್ಟೇ ಇದೆಯೆಂದು ಹಿಡಿದಾಗ, ಕರೆಂಟ್ 0.125 ಆಂಪಿಯರ್ ಆಗುತ್ತದೆ ಮತ್ತು ಪ್ರತಿ ಬಲ್ಬು ಸುಮಾರು 0.9 ವ್ಯಾಟ್ ಎಳೆಯುತ್ತದೆ. ಮೊದಲಿಗಿಂತ ಇದು ಒಂದೂವರೆ ಪಟ್ಟಿಗೂ ಹೆಚ್ಚು. ಸರ ಕಣ್ಣು ಕುಕ್ಕುವಂತೆ ಬೆಳಗಿ, ಬಲ್ಬುಗಳು ಒಂದರ ಹಿಂದೊಂದು ಸುಡತೊಡಗುವುದು ಇದರಿಂದಲೇ.

ಗುಜರಾತಿ ಗಲ್ಲಿಯಲ್ಲಿ ಕೊಳ್ಳುವ ಬಿಡಿ ರೆಸಿಸ್ಟರಿಗೂ ಇದೇ ಲೆಕ್ಕ. 1000 ಓಮ್, ಕಾಲು ವ್ಯಾಟ್ ಎಂದಿರುವ ರೆಸಿಸ್ಟರ್ ತಾಳುವ ಗರಿಷ್ಠ ವೋಲ್ಟೇಜ್, 0.25ನ್ನು 1000ದಿಂದ ಗುಣಿಸಿ ವರ್ಗಮೂಲ ತೆಗೆದರೆ, ಸುಮಾರು 15.8. ಅದನ್ನು 24 ವೋಲ್ಟಿಗೆ ಸೇರಿಸಿದರೆ ಅರ್ಧ ವ್ಯಾಟಿಗಿಂತ ಹೆಚ್ಚು ಶಾಖ ಹುಟ್ಟಿ ಕಪ್ಪಾಗುತ್ತದೆ. ಓಮ್ ಸರಿಯಿದ್ದ ಮಾತ್ರಕ್ಕೆ ಸಾಲದು, ವ್ಯಾಟನ್ನೂ ನೋಡಬೇಕು.

ತಂತಿಯ ರೋಧ

ತಂತಿಯ ರೋಧ ಅದರ ಉದ್ದಕ್ಕೆ ನೇರ ಅನುಪಾತದಲ್ಲೂ ದಪ್ಪಕ್ಕೆ, ಎಂದರೆ ಅಡ್ಡಕೊಯ್ತದ ವಿಸ್ತೀರ್ಣಕ್ಕೆ, ವಿಲೋಮ ಅನುಪಾತದಲ್ಲೂ ಇರುತ್ತದೆ. ಮೂರನೆಯದು ವಸ್ತುವಿನ ಗುಣವಾದ ರೋಧಶೀಲತೆ. ಒಂದು ಚದರ ಮಿಲಿಮೀಟರ್ ದಪ್ಪದ, ಒಂದು ಮೀಟರ್ ಉದ್ದದ ತಾಮ್ರದ ತಂತಿಯ ರೋಧ 20 ಡಿಗ್ರಿಯಲ್ಲಿ ಸುಮಾರು 0.0172 ಓಮ್. ಅಲ್ಯೂಮಿನಿಯಂ ತಂತಿಯದು ಸುಮಾರು 0.028, ಟಂಗ್‌ಸ್ಟನ್‌ನದು 0.056, ನಿಕಲ್ ಮತ್ತು ಕ್ರೋಮಿಯಂ ಬೆರೆತ ನೈಕ್ರೋಮಿನದು ಸುಮಾರು 1.1 ಓಮ್. ಇಸ್ತ್ರಿಪೆಟ್ಟಿಗೆಗೆ ಬೇಕಾದ 52.9 ಓಮ್ ಅನ್ನು 0.1 ಚದರ ಮಿಲಿಮೀಟರ್ ತಂತಿಯಲ್ಲಿ ಪಡೆಯಲು ನೈಕ್ರೋಮ್ ಆದರೆ 5 ಮೀಟರಿಗೂ ಕಡಿಮೆ ಸಾಕು. ತಾಮ್ರವಾದರೆ 300 ಮೀಟರಿಗೂ ಹೆಚ್ಚು ಬೇಕು. ಶಾಖ ಬೇಕಾದಲ್ಲಿ ನೈಕ್ರೋಮ್, ಬೇಡವಾದಲ್ಲಿ ತಾಮ್ರ ಎಂಬ ವಿಂಗಡಣೆಗೆ ಇದು ಕಾರಣ. ಕೆಂಪಗೆ ಕಾದರೂ ನೈಕ್ರೋಮ್ ಬೇಗ ತುಕ್ಕು ಹಿಡಿಯದಿರುವುದು ಇನ್ನೊಂದು ಕಾರಣ.

ಅಂಗಡಿಯವರೂ ಎಲೆಕ್ಟ್ರಿಷಿಯನ್ನರೂ ‘ಒಂದೂವರೆ ಸ್ಕ್ವೇರ್’, ‘ಎರಡೂವರೆ ಸ್ಕ್ವೇರ್’ ಎನ್ನುವುದು ಚದರ ಮಿಲಿಮೀಟರಿನ ಲೆಕ್ಕವನ್ನೇ. ಮೀಟರಿನಿಂದ 30 ಮೀಟರ್ ದೂರದ ಬಚ್ಚಲಿನಲ್ಲಿ 2000 ವ್ಯಾಟಿನ ಗೀಸರ್ ಇದೆ ಎನ್ನೋಣ. ಫೇಸ್ ಮತ್ತು ನ್ಯೂಟ್ರಲ್ ಸೇರಿ ಕರೆಂಟ್ ಸಾಗುವ ದಾರಿ 60 ಮೀಟರ್. 1.5 ಚದರ ಮಿಲಿಮೀಟರಿನ ತಾಮ್ರದ ತಂತಿಯಾದರೆ ರೋಧ 0.69 ಓಮ್, 8.7 ಆಂಪಿಯರಿಗೆ 6 ವೋಲ್ಟ್ ದಾರಿಯಲ್ಲೇ ಕಳೆದು 52 ವ್ಯಾಟ್ ಗೋಡೆಯೊಳಗೆ ಶಾಖವಾಗುತ್ತದೆ. 2.5 ಚದರ ಮಿಲಿಮೀಟರಿನದಾದರೆ ನಷ್ಟ 3.6 ವೋಲ್ಟ್, 31 ವ್ಯಾಟ್.

ತಂತಿಗಿಂತ ಹೆಚ್ಚು ಅಪಾಯ ಅದರ ತುದಿಗಳಲ್ಲಿದೆ. ಸಡಿಲ ಸ್ಕ್ರೂ, ಬರಿದೇ ಹೆಣೆದು ಟೇಪು ಸುತ್ತಿದ ಜೋಡಣೆ, ಮಸಿ ಕಟ್ಟಿದ ಪ್ಲಗ್ಗಿನ ಕಾಲು ಅರ್ಧ ಓಮ್ ರೋಧ ಒಡ್ಡಿದರೆ, 10 ಆಂಪಿಯರ್ ಹರಿಯುವಾಗ 50 ವ್ಯಾಟ್ ಶಾಖ ಆ ಒಂದೇ ಚುಕ್ಕೆಯಲ್ಲಿ ಹುಟ್ಟುತ್ತದೆ. ಉದ್ದ ತಂತಿಯಲ್ಲಿ ಹರಡಿಹೋದರೆ ಏನೂ ಅಲ್ಲದ ಈ ಶಾಖ, ಒಂದು ಸ್ಕ್ರೂ ಸುತ್ತ ಕೂಡಿದಾಗ ಪ್ಲಾಸ್ಟಿಕ್ಕನ್ನು ಕರಗಿಸಬಲ್ಲದು. ಕರೆಂಟ್ ಹೆಚ್ಚಾಗಿಲ್ಲದ ಕಾರಣ, ಮಿತಿಮೀರಿದ ಕರೆಂಟನ್ನಷ್ಟೇ ಕಡಿಯುವ ಫ್ಯೂಸಾಗಲಿ ಎಂಸಿಬಿಯಾಗಲಿ ಇದನ್ನು ತಡೆಯುವುದಿಲ್ಲ. ಗೋದಾಮು, ಅಂಗಡಿ, ಮನೆ ಒಂದಕ್ಕೊಂದು ತಾಗಿಕೊಂಡಿರುವ ಬೇಗಂ ಬಜಾರಿನಂಥ ಪೇಟೆಗಳಲ್ಲಿ ‘ಲೂಸ್ ಕನೆಕ್ಷನ್’ ಅನ್ನು ಹಗುರವಾಗಿ ಎಣಿಸಬಾರದು. ಅದನ್ನು ಕಂಡುಹಿಡಿಯಲೂ ವೋಲ್ಟೇಜೇ ದಾರಿ: ಲೋಡ್ ನಡೆಯುತ್ತಿರುವಾಗ ಜೋಡಣೆಯ ಎರಡು ಬದಿಗಳ ನಡುವೆ ಕೆಲವು ವೋಲ್ಟ್ ಕಾಣಿಸಿದರೆ ಅಲ್ಲಿ ರೋಧ ಕೂತಿದೆ ಎಂದರ್ಥ. ಚಾಲೂ ಲೈನಿನ ಮೇಲೆ ಈ ಅಳತೆ ಮಾಡಬೇಕಾದವರು ತರಬೇತಿ ಪಡೆದವರು ಮಾತ್ರ.

ಇನ್ವರ್ಟರ್ ಬ್ಯಾಟರಿಯ ಒಳರೋಧವನ್ನೂ ಹೀಗೆಯೇ ಅಂದಾಜಿಸುತ್ತಾರೆ. ಲೋಡ್ ಇಲ್ಲದಾಗ 12.6 ವೋಲ್ಟ್ ತೋರುವ ಬ್ಯಾಟರಿ 50 ಆಂಪಿಯರ್ ಕೊಡುವಾಗ 11.6ಕ್ಕೆ ಇಳಿದರೆ, ಒಳರೋಧ 1ನ್ನು 50ರಿಂದ ಭಾಗಿಸಿದಷ್ಟು, ಎಂದರೆ 0.02 ಓಮ್. ಇಲ್ಲಿ 11.6ನ್ನು 50ರಿಂದ ಭಾಗಿಸಿದರೆ ಬರುವುದು ಲೋಡಿನ ರೋಧ. ಯಾವ ವಸ್ತುವಿನ ರೋಧ ಬೇಕೋ ಆ ವಸ್ತುವಿನಲ್ಲಿ ಬಿದ್ದ ವೋಲ್ಟೇಜನ್ನೇ ತೆಗೆದುಕೊಳ್ಳಬೇಕು ಎಂಬ ನಿಯಮವನ್ನು ಮರೆತಾಗಲೇ ಹೆಚ್ಚಿನ ತಪ್ಪುಗಳಾಗುವುದು. 600 ವ್ಯಾಟ್‌ಗೆ 230 ವೋಲ್ಟಿನಲ್ಲಿ 2.6 ಆಂಪಿಯರ್ ಸಾಕಾದರೆ 12 ವೋಲ್ಟಿನಲ್ಲಿ 50 ಬೇಕು. ಇನ್ವರ್ಟರಿನಿಂದ ಬ್ಯಾಟರಿಗೆ ಹೋಗುವ ಕೇಬಲ್ ಅಷ್ಟು ದಪ್ಪವಾಗಿಯೂ ಗಿಡ್ಡವಾಗಿಯೂ ಇರುವುದಕ್ಕೆ ಇದೇ ಕಾರಣ.

ಉಷ್ಣತೆ ಮತ್ತು ಓಮ್ ನಿಯಮದ ಮಿತಿ

60 ವ್ಯಾಟಿನ ತಂತು ಬಲ್ಬನ್ನು ಆರಿಸಿ ಮಲ್ಟಿಮೀಟರಿನಿಂದ ಅಳೆದರೆ 882 ಓಮ್ ಕಾಣುವುದಿಲ್ಲ. 70ರ ಆಸುಪಾಸು ತೋರುತ್ತದೆ. ಆ 70 ಓಮ್ ಹಿಡಿದು ಸಾಮರ್ಥ್ಯ ಲೆಕ್ಕಹಾಕಿದರೆ 750 ವ್ಯಾಟಿಗೂ ಹೆಚ್ಚು ಎಂಬ ಅಸಂಬದ್ಧ ಉತ್ತರ ಬರುತ್ತದೆ. ಉರಿಯುವಾಗ ಟಂಗ್‌ಸ್ಟನ್ ತಂತು ಸುಮಾರು 2500 ಡಿಗ್ರಿಗೆ ಏರಿ ಅದರ ರೋಧ ಹತ್ತು ಪಟ್ಟಿಗೂ ಮಿಕ್ಕಿ ಹೆಚ್ಚುತ್ತದೆ. ಸ್ವಿಚ್ ಹಾಕಿದ ಕ್ಷಣದಲ್ಲಿ ಮಾತ್ರ ತಣ್ಣನೆಯ ರೋಧವೇ ಇರುವುದರಿಂದ 3 ಆಂಪಿಯರಿಗೂ ಮೀರಿದ ಕರೆಂಟ್ ನುಗ್ಗುತ್ತದೆ. ಬಲ್ಬುಗಳು ಹೆಚ್ಚಾಗಿ ಹಾಕುವ ಹೊತ್ತಿಗೇ ಸುಡುವುದು ಇದರಿಂದ.

ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇ. 0.39ರಷ್ಟು ಏರುತ್ತದೆ. 50 ಡಿಗ್ರಿ ಬಿಸಿಯಾದ ಮೋಟಾರಿನ ಸುರುಳಿ ಶೇ. 20ರಷ್ಟು ಹೆಚ್ಚು ರೋಧ ತೋರುವುದರಿಂದ, ಆ ಹೆಚ್ಚಳವನ್ನೇ ಅಳೆದು ಒಳಗಿನ ಉಷ್ಣತೆಯನ್ನು ಕಂಡುಹಿಡಿಯುತ್ತಾರೆ. 0 ಡಿಗ್ರಿಯಲ್ಲಿ 100 ಓಮ್, 100 ಡಿಗ್ರಿಯಲ್ಲಿ 138.5 ಓಮ್ ಇರುವ ಪ್ಲಾಟಿನಂ ತಂತಿ ಕೈಗಾರಿಕೆಗಳ ನಂಬಿಗಸ್ತ ಉಷ್ಣತಾಮಾಪಕ.

ಡಯೋಡ್, ಎಲ್‌ಇಡಿಗಳಿಗೆ ಒಂದೇ ರೋಧ ಎಂಬುದೇ ಇಲ್ಲ. ವೋಲ್ಟೇಜ್ ಒಂದು ಮಿತಿ ದಾಟಿದೊಡನೆ ಕರೆಂಟ್ ಥಟ್ಟನೆ ಏರುತ್ತದೆ. ಉತ್ತಮ ಎಲ್‌ಇಡಿ ಬಲ್ಬಿನೊಳಗಿನ ಡ್ರೈವರ್, ಪೂರೈಕೆಯ ವೋಲ್ಟೇಜ್ ಇಳಿದರೆ ಹೆಚ್ಚು ಕರೆಂಟ್ ಎಳೆದು ಬೆಳಕನ್ನು ಕಾಯ್ದುಕೊಳ್ಳುತ್ತದೆ. ಅದಕ್ಕೆ 52,900ನ್ನು ವ್ಯಾಟಿನಿಂದ ಭಾಗಿಸಿ ಪಡೆದ ‘ರೋಧ’ ಯಾವ ಕೆಲಸಕ್ಕೂ ಬಾರದ ಅಂಕಿ.

ಎಸಿ ಮಂಡಲಗಳಲ್ಲಿ

230 ವೋಲ್ಟ್ ಎಂಬುದು ಪರಿಣಾಮಕಾರಿ ಮೌಲ್ಯ; ಅಷ್ಟೇ ಡಿಸಿ ಕೊಡುವ ಶಾಖವನ್ನೇ ಅದೂ ಕೊಡುತ್ತದೆ. ಸೆಕೆಂಡಿಗೆ 50 ಆವರ್ತಗಳಲ್ಲಿ ಏರಿಳಿಯುವ ಆ ಅಲೆಯ ತುದಿ ಸುಮಾರು 325 ವೋಲ್ಟ್ ಮುಟ್ಟುತ್ತದೆ. ಇಸ್ತ್ರಿಪೆಟ್ಟಿಗೆ, ಗೀಸರುಗಳಲ್ಲಿ ಕರೆಂಟ್ ವೋಲ್ಟೇಜಿನೊಡನೆ ಹೆಜ್ಜೆ ಹಾಕುವುದರಿಂದ ಡಿಸಿ ಸೂತ್ರಗಳೇ ಸಾಕು. ಫ್ಯಾನು, ಪಂಪು, ಫ್ರಿಜ್ಜುಗಳ ಸುರುಳಿಗಳಲ್ಲಿ ಕರೆಂಟ್ ಹಿಂದೆ ಬೀಳುತ್ತದೆ. ಆಗ ಗುಣಲಬ್ಧವನ್ನು ಪವರ್ ಫ್ಯಾಕ್ಟರಿನಿಂದಲೂ ಗುಣಿಸಬೇಕು.

ಹಳೆಯ ಸೀಲಿಂಗ್ ಫ್ಯಾನೊಂದು 230 ವೋಲ್ಟಿನಲ್ಲಿ 0.4 ಆಂಪಿಯರ್ ಎಳೆದು 75 ವ್ಯಾಟ್ ಬಳಸುತ್ತದೆ ಎನ್ನೋಣ. ಗುಣಲಬ್ಧ 92, ಅದರ ಮಾನ ವ್ಯಾಟ್ ಅಲ್ಲ, ವೋಲ್ಟ್-ಆಂಪಿಯರ್. 75ನ್ನು 92ರಿಂದ ಭಾಗಿಸಿದರೆ ಪವರ್ ಫ್ಯಾಕ್ಟರ್ ಸುಮಾರು 0.82. 230ನ್ನು 0.4ರಿಂದ ಭಾಗಿಸಿದಾಗ ಬರುವ 575 ಓಮ್ ಸುರುಳಿಯ ರೋಧವೂ ಅಲ್ಲ; ರೋಧದೊಡನೆ ಸುರುಳಿಯ ಕಾಂತೀಯ ತಡೆಯೂ ಸೇರಿದ ಪ್ರತಿಬಾಧೆ ಅದು.

ಮೂರು ಫೇಸಿನ ಲೆಕ್ಕದಲ್ಲಿ 1.732 ಎಂಬ ಅಂಕಿ ಸೇರುತ್ತದೆ. ರಾಯಚೂರು ಕಡೆಯ ಹೊಲವೊಂದರ 5 ಎಚ್‌ಪಿ ಪಂಪಿನ ಯಾಂತ್ರಿಕ ಸಾಮರ್ಥ್ಯ 3730 ವ್ಯಾಟ್. ಮೋಟಾರಿನ ದಕ್ಷತೆ ಶೇ. 75, ಪವರ್ ಫ್ಯಾಕ್ಟರ್ 0.8 ಎಂದು ಹಿಡಿದರೆ ಅದು ಲೈನಿನಿಂದ ಎಳೆಯುವುದು ಸುಮಾರು 4970 ವ್ಯಾಟ್. 400 ವೋಲ್ಟಿನಲ್ಲಿ ಪ್ರತಿ ಫೇಸಿಗೆ 9 ಆಂಪಿಯರ್. ಪಂಪಿಗೆ ಕೆಪಾಸಿಟರ್ ಜೋಡಿಸಿ ಪವರ್ ಫ್ಯಾಕ್ಟರನ್ನು 0.95ಕ್ಕೆ ಏರಿಸಿದರೆ ಲೈನಿನ ಕರೆಂಟ್ 7.6ಕ್ಕೆ ಇಳಿಯುತ್ತದೆ. ಹರಿಸುವ ನೀರು ಅಷ್ಟೇ. ತಂತಿಯಲ್ಲಿನ ನಷ್ಟ ಮಾತ್ರ ಸುಮಾರು ಶೇ. 29ರಷ್ಟು ಕಡಿಮೆ.

ಅಳತೆಯ ಕ್ರಮ

ಅಮ್ಮೀಟರನ್ನು ಸರಣಿಯಲ್ಲಿ, ವೋಲ್ಟ್‌ಮೀಟರನ್ನು ಸಮಾಂತರದಲ್ಲಿ ಜೋಡಿಸಬೇಕು. ಎರಡಕ್ಕೂ ಸ್ವಂತ ರೋಧ ಇರುವುದರಿಂದ ಜೋಡಿಸುವ ಜಾಗವೂ ಮುಖ್ಯ. ಅರ್ಧ ಓಮ್‌ನಂಥ ಸಣ್ಣ ರೋಧವನ್ನು ಅಳೆಯುವಾಗ ವೋಲ್ಟ್‌ಮೀಟರ್ 0.1 ಓಮ್‌ನ ಅಮ್ಮೀಟರನ್ನೂ ಒಳಗೊಂಡರೆ ಉತ್ತರ 0.6 ಓಮ್ ಬಂದು ಶೇ. 20ರಷ್ಟು ತಪ್ಪುತ್ತದೆ. 5 ಮೆಗಾಓಮ್‌ನ ದೊಡ್ಡ ರೋಧಕ್ಕೆ 10 ಮೆಗಾಓಮ್‌ನ ವೋಲ್ಟ್‌ಮೀಟರ್ ಅಡ್ಡಲಾಗಿ ಕೂತು, ಅದರ ಕರೆಂಟೂ ಅಮ್ಮೀಟರಿನ ಮೂಲಕ ಹರಿದರೆ 3.33 ಮೆಗಾಓಮ್ ಎಂದು ತೋರುತ್ತದೆ. ಸಣ್ಣ ರೋಧಕ್ಕೆ ವೋಲ್ಟ್‌ಮೀಟರ್ ಒಳಬದಿಗೆ, ದೊಡ್ಡದಕ್ಕೆ ಹೊರಬದಿಗೆ ಎಂಬುದು ಪ್ರಯೋಗಾಲಯದ ಪಾಠ. ಇನ್ನೂ ಸೂಕ್ಷ್ಮ ಅಳತೆಗೆ, 1833ರಲ್ಲಿ ಕ್ರಿಸ್ಟಿ ರೂಪಿಸಿ ಮುಂದೆ ವೀಟ್‌ಸ್ಟೋನ್ ಪ್ರಚಾರಕ್ಕೆ ತಂದ ಸೇತುಮಂಡಲವಿದೆ.

ವೋಲ್ಟೇಜಿನಲ್ಲಿ ಶೇ. 1, ಕರೆಂಟಿನಲ್ಲಿ ಶೇ. 2 ದೋಷವಿದ್ದರೆ ರೋಧದಲ್ಲೂ ಸಾಮರ್ಥ್ಯದಲ್ಲೂ ಶೇ. 3ರವರೆಗೆ ದೋಷ ಬರಬಹುದು. ಅಂಥ ಅಳತೆಯಿಂದ ಬಂದ ಉತ್ತರವನ್ನು ದಶಾಂಶದ ಮುಂದೆ ನಾಲ್ಕು ಸ್ಥಾನ ಬರೆಯುವುದರಲ್ಲಿ ಅರ್ಥವಿಲ್ಲ. ಎಸಿ ತಂತಿಯ ಕರೆಂಟನ್ನು ತಂತಿ ಕತ್ತರಿಸದೆ ಅಳೆಯಲು ಕ್ಲ್ಯಾಂಪ್ ಮೀಟರ್ ಬಳಸುತ್ತಾರೆ. ಆದರೆ ಅದರ ಅಂಕಿಯನ್ನು 230ರಿಂದ ಗುಣಿಸಿದರೆ ಸಿಗುವುದು ವೋಲ್ಟ್-ಆಂಪಿಯರ್ ಮಾತ್ರ.

ದೂರ ಸಾಗಣೆ

ಕರೆಂಟಿನ ವರ್ಗಕ್ಕೆ ತಕ್ಕಂತೆ ನಷ್ಟ ಏರುತ್ತದೆ ಎಂಬ ಸೂತ್ರ ಕರ್ನಾಟಕದ ವಿದ್ಯುತ್ ಚರಿತ್ರೆಯ ಆರಂಭದಲ್ಲೇ ಪರೀಕ್ಷೆಗೆ ಒಳಗಾಯಿತು. ಮೈಸೂರು ಸಂಸ್ಥಾನದ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರ ಜಲಪಾತದ ಯೋಜನೆ 1902ರ ಜೂನ್ 30ರಂದು ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಕಳಿಸಿತು. ನಡುವಿನ ದೂರ ಸುಮಾರು 147 ಕಿಲೋಮೀಟರ್. ಆ ಕಾಲಕ್ಕೆ ಅದು ಲೋಕದ ಅತಿ ಉದ್ದದ ಸಾಗಣೆ ಮಾರ್ಗಗಳ ಸಾಲಿನದು. ಆರಂಭದ ವೋಲ್ಟೇಜ್ 35,000. ಉದಾಹರಣೆಗೆ 3000 ಕಿಲೋವ್ಯಾಟನ್ನು ಮೂರು ಫೇಸಿನಲ್ಲಿ ಆ ವೋಲ್ಟೇಜಿನಲ್ಲಿ ಕಳಿಸಲು ಸುಮಾರು 50 ಆಂಪಿಯರ್ ಸಾಕು. ಅದನ್ನೇ 400 ವೋಲ್ಟಿನಲ್ಲಿ ಕಳಿಸಹೊರಟರೆ 4300 ಆಂಪಿಯರಿಗೂ ಹೆಚ್ಚು ಬೇಕು. ಅದೇ ತಂತಿಯಲ್ಲಿ ನಷ್ಟ 7600 ಪಟ್ಟಿಗೂ ಮಿಕ್ಕುತ್ತದೆ, ಎಂದರೆ ಸಾಗಣೆಯೇ ಅಸಾಧ್ಯ. ಮುಂದೆ ವೋಲ್ಟೇಜನ್ನು 78,000ಕ್ಕೆ ಏರಿಸಲಾಯಿತು. ಅಷ್ಟೇ ಸಾಮರ್ಥ್ಯಕ್ಕೆ ಆಗ ನಷ್ಟ ಐದನೇ ಒಂದು ಭಾಗ. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪಗಳಿಗೂ ಈ ವಿದ್ಯುತ್ ಬಂತು.

ಹೈದರಾಬಾದ್ ಬೇರೆ ದಾರಿ ಹಿಡಿಯಿತು. ನಿಜಾಮರ ಆಡಳಿತ 1920ರಲ್ಲಿ ಹುಸೇನ್ ಸಾಗರದ ದಂಡೆಯಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರ ಕಟ್ಟಿತು. ಬೇಗಂ ಬಜಾರಿನಂಥ ಪೇಟೆಗಳು ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದ್ದುದರಿಂದ ತಂತಿಯ ರೋಧ ಶಿವನಸಮುದ್ರದಷ್ಟು ದೊಡ್ಡ ಸಮಸ್ಯೆಯಾಗಲಿಲ್ಲ. ಕಲ್ಲಿದ್ದಲನ್ನು ಊರಿಗೆ ತರಿಸಿಕೊಳ್ಳಬೇಕಾಯಿತು. ಜಲಪಾತವನ್ನು ಊರಿಗೆ ತರಲಾಗದು, ಕಲ್ಲಿದ್ದಲನ್ನು ತರಬಹುದು ಎಂಬುದೇ ಎರಡು ಸಂಸ್ಥಾನಗಳ ಆಯ್ಕೆಯನ್ನು ಬೇರೆಯಾಗಿಸಿತು.

2013ರ ಡಿಸೆಂಬರ್ 31ರಂದು 765 ಕಿಲೋವೋಲ್ಟಿನ ರಾಯಚೂರು–ಸೊಲ್ಲಾಪುರ ಮಾರ್ಗ ಚಾಲನೆಗೊಂಡು ದಕ್ಷಿಣ ಭಾರತದ ಜಾಲ ದೇಶದ ಉಳಿದ ಜಾಲದೊಡನೆ ಒಂದೇ ಲಯದಲ್ಲಿ ಬೆಸೆಯಿತು. ಆ ವೋಲ್ಟೇಜಿನಲ್ಲಿ 1000 ಮೆಗಾವ್ಯಾಟಿಗೆ ಬೇಕಾಗುವ ಕರೆಂಟ್ ಸುಮಾರು 755 ಆಂಪಿಯರ್. 400 ಕಿಲೋವೋಲ್ಟಿನಲ್ಲಾದರೆ 1443.

ದೇಹ, ಅರ್ಥಿಂಗ್ ಮತ್ತು ರಕ್ಷಣೆ

ಒದ್ದೆ ಮೈಯ ರೋಧ 1000 ಓಮ್‌ನ ಆಸುಪಾಸಿಗೆ ಇಳಿಯಬಹುದು. 230 ವೋಲ್ಟ್ ತಗುಲಿದರೆ ಅಂಥ ದೇಹದಲ್ಲಿ 230 ಮಿಲಿಆಂಪಿಯರ್ ಹರಿಯುತ್ತದೆ; ಹೃದಯದ ಬಡಿತ ಕೆಡಿಸಲು ಅದಕ್ಕಿಂತ ಬಹಳ ಕಡಿಮೆ ಸಾಕು. 6 ಆಂಪಿಯರಿನ ಎಂಸಿಬಿಯ ದೃಷ್ಟಿಯಲ್ಲಿ ಇದು ಗಮನಕ್ಕೇ ಬಾರದ ಕರೆಂಟ್. ಆದ್ದರಿಂದ ಮನೆಗಳಿಗೆ 30 ಮಿಲಿಆಂಪಿಯರ್ ಸೋರಿಕೆಗೇ ಕಡಿದುಕೊಳ್ಳುವ ಆರ್‌ಸಿಸಿಬಿ ಬೇಕು.

ಅರ್ಥಿಂಗಿನ ರೋಧವೂ ಇದೇ ಲೆಕ್ಕಕ್ಕೆ ಒಳಪಡುತ್ತದೆ. ಗೀಸರಿನ ಲೋಹದ ಮೈಗೆ ಫೇಸ್ ತಗುಲಿದಾಗ ನೆಲದ ದಾರಿಯ ರೋಧ 50 ಓಮ್ ಇದ್ದರೆ ಹರಿಯುವುದು 4.6 ಆಂಪಿಯರ್. 16 ಆಂಪಿಯರಿನ ಎಂಸಿಬಿ ಸುಮ್ಮನೆ ಕೂತಿರುತ್ತದೆ, ಗೀಸರಿನ ಮೈ ಅಪಾಯಕಾರಿಯಾಗಿಯೇ ಉಳಿಯುತ್ತದೆ. ಆರ್‌ಸಿಸಿಬಿ ಇದ್ದರೆ ಕ್ಷಣದಲ್ಲಿ ಕಡಿಯುತ್ತದೆ. ವೈರಿಂಗಿನ ಹೊದಿಕೆಯನ್ನು ಮೆಗ್ಗರ್ ಎಂಬ ಮೀಟರಿನಿಂದ 500 ವೋಲ್ಟಿನಲ್ಲಿ ಪರೀಕ್ಷಿಸಿದಾಗ ಕನಿಷ್ಠ 1 ಮೆಗಾಓಮ್ ಇರಬೇಕೆನ್ನುವುದು ವಾಡಿಕೆ; ಆಗ ಸೋರಿಕೆ ಅರ್ಧ ಮಿಲಿಆಂಪಿಯರ್.

ಎಂಸಿಬಿ ಕಾಯುವುದು ತಂತಿಯನ್ನು. ಪದೇ ಪದೇ ಬೀಳುತ್ತದೆಂದು 16 ಆಂಪಿಯರಿನದನ್ನು ತೆಗೆದು 32ರದನ್ನು ಹಾಕಿದರೆ, ಗೋಡೆಯೊಳಗಿನ ಒಂದೂವರೆ ಸ್ಕ್ವೇರ್ ತಂತಿಯಲ್ಲಿ ಕರೆಂಟ್ ಇಮ್ಮಡಿಯಾಗಲು, ಶಾಖ ನಾಲ್ಕು ಪಟ್ಟಾಗಲು ಅನುಮತಿ ಕೊಟ್ಟಂತೆ. ಆದ್ದರಿಂದ ಸಾಮಾನಿನ ವ್ಯಾಟಿನಿಂದ ಆಂಪಿಯರ್, ಆಂಪಿಯರಿನಿಂದ ತಂತಿಯ ದಪ್ಪ, ತಂತಿಯ ದಪ್ಪದಿಂದ ಎಂಸಿಬಿ ಎಂಬ ಕ್ರಮದಲ್ಲೇ ಆಯ್ಕೆ ಸಾಗಬೇಕು. ಲೋಡ್ ಹೆಚ್ಚಿದಾಗ ಮೊದಲು ಬದಲಾಗಬೇಕಾದ್ದು ತಂತಿ.